ಸಂಬಳದಾಚೆಯ ಸಂತೃಪ್ತಿ: ಶಾಸನಕಾಲದ ಉಪಾಧ್ಯಾಯರಿಂದ ಅಂಕೋಲೆಯ ಮಾಸ್ತರರವರೆಗೆ

ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ ಒಂದು ಶಾಸನವಿದೆ. ಕ್ರಿ.ಶ. 945ರ ಈ ಶಾಸನದಲ್ಲಿ ನಾರಾಯಣನೆಂಬ ಮಂತ್ರಿ ಕಟ್ಟಿಸಿದ ವಿದ್ಯಾಶಾಲೆಯ ವಿವರ ಬರುತ್ತದೆ. ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ದೀಪದ ಖರ್ಚಿಗೆ 12 ನಿವರ್ತನ ಭೂಮಿ, ಪಾಠ ಹೇಳುವ ಉಪಾಧ್ಯಾಯನಿಗೆ 50 ನಿವರ್ತನ ಭೂಮಿ ಎಂದು ಲೆಕ್ಕ ಸ್ಪಷ್ಟವಾಗಿದೆ. ಕರ್ನಾಟಕದ ಶಿಕ್ಷಣದ ಇತಿಹಾಸವನ್ನು ಬರೆದವರೆಲ್ಲ ಈ ಅಂಕಿಗಳನ್ನು ಎತ್ತಿ ಹೇಳಿದ್ದಾರೆ. ಆದರೆ ಅದೇ ಶಾಸನದಲ್ಲಿ ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಕಟ್ಟಳೆಯಿದೆ. ಊರಿನಲ್ಲಿ ಮದುವೆಯಾದರೆ ಆ ಮನೆಯವರು ವಿದ್ಯಾಶಾಲೆಗೆ ಐದು ನಾಣ್ಯ ಕೊಡಬೇಕು. ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ. ಊರಲ್ಲಿ ಔತಣವಾದಾಗ ಶಾಲೆಯವರಿಗೆ ಶಕ್ತ್ಯನುಸಾರ ಊಟ ಹಾಕಬೇಕು.

ಉಪಾಧ್ಯಾಯನ ಜೀವನೋಪಾಯವನ್ನು ಭೂದಾನವೇ ನೋಡಿಕೊಂಡಿತ್ತು. ಹಾಗಿರುವಾಗ ಮದುವೆ ಮುಂಜಿಗಳ ಈ ಕಟ್ಟಳೆ ಏಕೆ ಬೇಕಾಯಿತು? ಅದರಿಂದ ಬರುವ ಹಣ ಅಲ್ಪ. ಆದರೆ ಅದರ ಮೂಲಕ ಊರಿನ ಪ್ರತಿಯೊಂದು ಶುಭಕಾರ್ಯದಲ್ಲಿಯೂ ಶಾಲೆಯ ಹೆಸರು ಒಮ್ಮೆ ಕೇಳಿಬರುತ್ತಿತ್ತು. ಕಲಿಸುವವನು ಊರಿನ ಋಣಾನುಬಂಧದ ಒಳಗೆ ಸೇರುತ್ತಿದ್ದ. ಭೂಮಿ ಅವನ ಹೊಟ್ಟೆಯನ್ನು ಕಾಯಿತು. ಅವನ ಸ್ಥಾನವನ್ನು ಕಾದದ್ದು ಈ ಸಣ್ಣ ನಾಣ್ಯಗಳು. ಶಿಕ್ಷಕನನ್ನು ವೃತ್ತಿಯಲ್ಲಿ ನೆಮ್ಮದಿಯಾಗಿ ನಿಲ್ಲಿಸುವುದು ಯಾವುದು ಎಂಬ ಇಂದಿನ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ಸಿಗುವ ಹಳೆಯ ಉತ್ತರಗಳಲ್ಲಿ ಇದೊಂದು.

ವೃತ್ತಿ, ಗೌರವ, ಸ್ಮರಣೆ

ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನ ಇದಕ್ಕೆ ಮತ್ತೊಂದು ಆಯಾಮವನ್ನು ಸೇರಿಸುತ್ತದೆ. ಕಲ್ಯಾಣ ಚಾಲುಕ್ಯರ ದಂಡನಾಯಕ ಮಧುಸೂದನ ಅಲ್ಲಿ ಸ್ಥಾಪಿಸಿದ ಘಟಿಕಾಸ್ಥಾನದಲ್ಲಿ ವೇದ ಓದುವ 200 ಮಂದಿ, ಶಾಸ್ತ್ರ ಓದುವ 52 ಮಂದಿ ವಿದ್ಯಾರ್ಥಿಗಳಿದ್ದರು. ಅವರಿಗೆ ಕಲಿಸುವವರ ಜೊತೆಗೆ ಆರು ಮಂದಿ 'ಸರಸ್ವತೀ ಭಂಡಾರಿ'ಗಳೂ ಇದ್ದರು. ಭಂಡಾರಿಗಳೆಂದರೆ ಗ್ರಂಥಗಳನ್ನು ಕಾಪಾಡುವವರು. ಅವರಿಗೂ ಪ್ರತ್ಯೇಕ ಭೂಮಿಯಿತ್ತು. ಒಬ್ಬ ಶಾಸ್ತ್ರಜ್ಞನಿಗೆ ಕೈಯಳವಿನಲ್ಲಿ ಗ್ರಂಥಗಳಿರುವುದು, ಪಕ್ಕದಲ್ಲಿ ಬೇರೊಂದು ಶಾಸ್ತ್ರ ಬಲ್ಲ ಸಹೋದ್ಯೋಗಿ ಇರುವುದು, ವಾದ ಮಾಡಲು ಪ್ರೌಢ ವಿದ್ಯಾರ್ಥಿಗಳು ಸಿಗುವುದು ಎಂಥ ಸಂಪತ್ತು ಎಂಬುದನ್ನು ಓದಿನ ಬೆಲೆ ತಿಳಿದವರಿಗೆ ವಿವರಿಸಬೇಕಾಗಿಲ್ಲ. ನಾಗಾವಿಯ ದಾನಿ ಉಪಾಧ್ಯಾಯರಿಗೆ ಅನ್ನದ ಜೊತೆಗೆ ವಿದ್ವತ್ತಿನ ಸಹವಾಸವನ್ನೂ ಕೊಟ್ಟಿದ್ದ.

ಮೂರನೆಯ ಬಗೆಯ ಪ್ರತಿಫಲ ಶ್ರವಣಬೆಳಗೊಳದ ಕಲ್ಲುಗಳಲ್ಲಿದೆ. ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ, 1129ರ ಮಲ್ಲಿಷೇಣ ಪ್ರಶಸ್ತಿಯೆಂದು ಹೆಸರಾದ ಶಾಸನ ಒಬ್ಬ ಮುನಿಯ ಸಮಾಧಿಯನ್ನು ನೆನೆಯುವುದಕ್ಕಾಗಿ ಹುಟ್ಟಿದ್ದು. ಆದರೆ ಅದು ಆ ಮುನಿಯ ಹಿಂದಿನ ಗುರುಪರಂಪರೆಯನ್ನೇ ಒಬ್ಬೊಬ್ಬರಾಗಿ ಹೆಸರಿಸುತ್ತ ಹೋಗುತ್ತದೆ. ಯಾರು ಯಾವ ಶಾಸ್ತ್ರದಲ್ಲಿ ನಿಪುಣರು, ಯಾರು ಯಾವ ವಾದದಲ್ಲಿ ಗೆದ್ದರು ಎಂಬುದು ಅಲ್ಲಿ ದಾಖಲಾಗಿದೆ. ಅಪರಿಗ್ರಹವೇ ವ್ರತವಾದ ಮುನಿಗಳಿಗೆ ಸಂಬಳದ ಮಾತಿಲ್ಲ. ಅವರಿಗೆ ಸಂದದ್ದು ಶಿಷ್ಯರ ನೆನಪು. ಕನ್ನಡ ಕವಿಗಳಲ್ಲಿಯೂ ಈ ರೂಢಿ ಗಟ್ಟಿಯಾಗಿದೆ. ಪಂಪನಿಗೆ ದೇವೇಂದ್ರಮುನಿ, ರನ್ನನಿಗೆ ಅಜಿತಸೇನಾಚಾರ್ಯ. ಗುರುವಿನ ಹೆಸರನ್ನು ಕಾವ್ಯದೊಳಗೆ ನಿಲ್ಲಿಸುವುದು ಶಿಷ್ಯನು ಸಲ್ಲಿಸುವ ಕಾಣಿಕೆಯಾಗಿತ್ತು.

ಉತ್ತರ ಕನ್ನಡದ ಕರಾವಳಿಗೆ ಈ ಪರಂಪರೆ ಹೊರಗಿನದಲ್ಲ. ಭಟ್ಕಳ ತಾಲೂಕಿನ ಹಾಡುವಳ್ಳಿ ಸಂಗೀತಪುರವೆಂಬ ಹೆಸರಿನ ಜೈನ ವಿದ್ಯಾಕೇಂದ್ರವಾಗಿತ್ತು. 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವನ್ನು ಪೂರೈಸಿದ ಭಟ್ಟಾಕಳಂಕ ಈ ಸಂಗೀತಪುರದ ಗುರುಪರಂಪರೆಗೆ ಸೇರಿದವನು. ಕನ್ನಡ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಕಟ್ಟಿದ, ಕನ್ನಡವೂ ಶಾಸ್ತ್ರಕ್ಕೆ ಯೋಗ್ಯವಾದ ಭಾಷೆಯೆಂದು ವಾದಿಸಿದ ಆ ಗ್ರಂಥ ಪಾಠ ಹೇಳುವ ಮಠದ ವಾತಾವರಣದಲ್ಲಿಯೇ ಹುಟ್ಟಬಲ್ಲಂಥದು. ಕಲಿಸುವ ಕೆಲಸ ತನ್ನೊಳಗಿನಿಂದಲೇ ಒಂದು ಕೃತಿಯನ್ನು ಹುಟ್ಟಿಸಿದ್ದಕ್ಕೆ ಈ ಜಿಲ್ಲೆಯ ದೊಡ್ಡ ಸಾಕ್ಷಿ ಅದು.

ಭೂಮಿಯಿಂದ ಸಂಬಳಕ್ಕೆ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವ್ಯವಸ್ಥೆಯ ಬುಡವೇ ಬದಲಾಯಿತು. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಆಧಿಪತ್ಯದ ಜಿಲ್ಲೆಗಳಲ್ಲಿ ದೇಶೀ ಶಾಲೆಗಳೆಷ್ಟಿವೆ ಎಂದು ಕೇಳಿ ಕಳುಹಿಸಿದ. ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 533 ಶಾಲೆ, 6,641 ವಿದ್ಯಾರ್ಥಿಗಳೆಂದು ವಿವರವಾದ ವರದಿ ಕೊಟ್ಟ. ಕೆನರಾ ಜಿಲ್ಲೆಯ ಕಲೆಕ್ಟರ್ ಮಾತ್ರ ಲೆಕ್ಕವನ್ನೇ ಕೊಡಲಿಲ್ಲ. ಇಲ್ಲಿ ಕಲಿಕೆ ಮನೆಗಳಲ್ಲಿ ಖಾಸಗಿಯಾಗಿ ನಡೆಯುತ್ತದೆ, ಪಟ್ಟಿ ತುಂಬುವುದು ವ್ಯರ್ಥ ಶ್ರಮ ಎಂಬ ಧಾಟಿಯಲ್ಲಿ ಅವನ ಉತ್ತರವಿತ್ತು. ಕಾರವಾರ, ಅಂಕೋಲಾ, ಕುಮಟಾ ಅಂದು ಅದೇ ಕೆನರಾದ ಭಾಗ. ಹೀಗಾಗಿ ಈ ಸೀಮೆಯ ಅಂದಿನ ಉಪಾಧ್ಯಾಯರು ಸರ್ಕಾರಿ ದಾಖಲೆಯಲ್ಲಿ ಹೆಸರಿಲ್ಲದೆ, ಸಂಖ್ಯೆಯೂ ಇಲ್ಲದೆ ಉಳಿದರು. ಲೆಕ್ಕಕ್ಕೆ ಸಿಗದಿದ್ದರೂ ಅವರು ಇದ್ದರೆಂಬುದಕ್ಕೆ ಯಕ್ಷಗಾನ ಪ್ರಸಂಗಗಳ ಹಸ್ತಪ್ರತಿಗಳನ್ನೂ ಮನೆಮನೆಯ ಕಡತಗಳನ್ನೂ ಬರೆದ ಕೈಗಳೇ ಪುರಾವೆ. ಯಾರೋ ಒಬ್ಬರು ಆ ಕೈಗಳಿಗೆ ಅಕ್ಷರ ತಿದ್ದಿಸಿದ್ದರು.

1862ರಲ್ಲಿ ಉತ್ತರ ಕೆನರಾ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಅಲ್ಲಿಂದ ಮುಂದೆ ಶಾಲೆಯೆಂದರೆ ಇಲಾಖೆ, ಇಲಾಖೆಯೆಂದರೆ ತಪಾಸಣೆ, ಪರೀಕ್ಷೆ, ತಿಂಗಳ ಪಗಾರ. ಮುಲ್ಕಿ ಪರೀಕ್ಷೆ ಪಾಸಾದ ಹುಡುಗ ಮಾಸ್ತರನಾಗುವ ಹಾದಿ ತೆರೆಯಿತು. ಊರವರು ಕೊಡುವ ಅಕ್ಕಿ, ಕಾಯಿಗಳನ್ನು ನಂಬಿದ್ದ ಗಾಂವಟಿ ಶಾಲೆಯ ಅಯ್ಯನ ಜಾಗದಲ್ಲಿ ಸಹಿ ಹಾಕಿ ಪಗಾರ ಪಡೆಯುವ ನೌಕರ ಬಂದ. ಇದು ಸಣ್ಣ ಲಾಭವಲ್ಲ. ಊರಿನ ಗೌಡ ಮುನಿದರೆ ಅನ್ನ ತಪ್ಪೀತೆಂಬ ಭಯದಿಂದ ಉಪಾಧ್ಯಾಯ ಬಿಡುಗಡೆ ಪಡೆದ. ಯಾವ ಜಾತಿಯ ಹುಡುಗನಿಗೆ ಪಾಠ ಹೇಳಬೇಕು, ಯಾರಿಗೆ ಹೇಳಬಾರದು ಎಂಬ ಊರಿನ ಅಪ್ಪಣೆಯನ್ನು ಮೀರುವ ಅವಕಾಶ, ಕಾಗದದ ಮೇಲಾದರೂ, ಅವನಿಗೆ ಸಿಕ್ಕಿತು. ಸಾಲೋಟಗಿಯ ಅಥವಾ ನಾಗಾವಿಯ ವ್ಯವಸ್ಥೆಯನ್ನು ಕೊಂಡಾಡುವಾಗ, ಅಲ್ಲಿ ಒಕ್ಕಲುಮಕ್ಕಳಿಗೆ ಜಾಗವಿರಲಿಲ್ಲವೆಂಬುದನ್ನು ಮರೆಯಬಾರದು.

ನಷ್ಟವೂ ಆಯಿತು. ಮುಂಬಯಿ ಕರ್ನಾಟಕದ ಶಾಲೆಗಳಲ್ಲಿ ಮರಾಠಿ ಮೇಲುಗೈ ಸಾಧಿಸಿದ್ದ ಕಾಲ ಅದು. ತನ್ನ ಮಾತಿನಲ್ಲಿ ಪಾಠ ಹೇಳಲಾರದ ಮಾಸ್ತರನಿಗೆ ಪಗಾರ ಎಷ್ಟಿದ್ದರೂ ಕೆಲಸ ಹೊರೆಯೇ. ಧಾರವಾಡದ ಶಿಕ್ಷಕರ ತರಬೇತಿ ಶಾಲೆಯ ಮುಖ್ಯಸ್ಥರಾಗಿದ್ದು ಮುಂದೆ ಶಿಕ್ಷಣ ಇಲಾಖೆಯ ಡೆಪ್ಯುಟಿಯಾದ ಚನ್ನಬಸಪ್ಪನವರ ಮಹತ್ವ ಇಲ್ಲಿದೆ. ಅವರು ಕನ್ನಡ ಶಾಲೆಗಳನ್ನು ತೆರೆಸಿದರು, ಪಠ್ಯಗಳನ್ನು ಬರೆಸಿದರು, ಶೇಕ್ಸ್‌ಪಿಯರನ ನಾಟಕವನ್ನು 'ನಗದವರನ್ನು ನಗಿಸುವ ಕಥೆ'ಯಾಗಿ ತಾವೇ ಕನ್ನಡಕ್ಕೆ ತಂದರು. ಧಾರವಾಡದಿಂದ 'ಮಠಪತ್ರಿಕೆ', 'ಶಾಲಾಪತ್ರಿಕೆ'ಗಳು ಹೊರಟದ್ದೂ ಈ ಚಳವಳಿಯ ಭಾಗವಾಗಿಯೇ. ಘಟ್ಟದ ಕೆಳಗಿನ ಯಾವುದೋ ಹಳ್ಳಿಯಲ್ಲಿ ಒಂಟಿಯಾಗಿ ಪಾಠ ಹೇಳುತ್ತಿದ್ದ ಮಾಸ್ತರನಿಗೆ ಅಂಚೆಯಲ್ಲಿ ಬರುವ ಪತ್ರಿಕೆ, ತನ್ನಂತೆಯೇ ಕೆಲಸ ಮಾಡುವವರ ಒಂದು ಬಳಗ ದೂರದಲ್ಲಿದೆಯೆಂದು ತಿಳಿಸುತ್ತಿತ್ತು. ನಾಗಾವಿಯ ಸರಸ್ವತೀ ಭಂಡಾರ ಕೊಡುತ್ತಿದ್ದುದನ್ನು ಅಚ್ಚಿನ ಕಾಲದಲ್ಲಿ ಇಂಥ ಪತ್ರಿಕೆಗಳು ಅಷ್ಟಿಷ್ಟು ತುಂಬಿಕೊಟ್ಟವು.

ಬಡತನವನ್ನು ಹೊಗಳದೆ

ಈ ಹಂತದಲ್ಲಿ ಒಂದು ಎಚ್ಚರಿಕೆ ಅಗತ್ಯ. 'ಶಿಕ್ಷಕನಿಗೆ ಗೌರವವೇ ಸಂಬಳ' ಎಂಬ ಮಾತು ಕಡಿಮೆ ಸಂಬಳ ಕೊಡುವವರ ಬಾಯಲ್ಲಿ ಹೆಚ್ಚು ಕೇಳಿಬಂದಿದೆ. ಅದನ್ನು ಪರೀಕ್ಷಿಸಲು ಮುದ್ದಣನ ಬದುಕು ಸಾಕು. ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ. ಅಲ್ಪ ಸಂಬಳದಲ್ಲಿ ಸಂಸಾರ ತೂಗಿಸುತ್ತ 'ಅದ್ಭುತ ರಾಮಾಯಣ', 'ಶ್ರೀರಾಮಪಟ್ಟಾಭಿಷೇಕ', 'ಶ್ರೀರಾಮಾಶ್ವಮೇಧ'ಗಳನ್ನು ಬರೆದ. ತನ್ನ ಹೆಸರನ್ನು ಮರೆಸಿ, ಹಳೆಯ ಕವಿಯ ಕೃತಿಗಳೆಂಬಂತೆ ಅವನ್ನು ಮೈಸೂರಿನ ಪತ್ರಿಕೆಗೆ ಕಳಿಸಿದ. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ ಕ್ಷಯಕ್ಕೆ ತುತ್ತಾದ. ಕೃತಿಗಳ ಕರ್ತೃ ಅವನೇ ಎಂಬುದು ನಾಡಿಗೆ ತಿಳಿದು ಕೀರ್ತಿ ಬಂದದ್ದು ಅವನು ಹೋದ ಮೇಲೆ. ಕೆಲಸದ ಒಳಗಿನ ಆನಂದ ಮುದ್ದಣನಿಗೆ ಇರಲಿಲ್ಲವೆಂದು ಹೇಳುವಂತಿಲ್ಲ. ಮುದ್ದಣ ಮನೋರಮೆಯರ ಸಲ್ಲಾಪವೇ ಅದಕ್ಕೆ ಉತ್ತರ. ಆದರೆ ಆ ಆನಂದ ಅವನ ದೇಹವನ್ನು ಉಳಿಸಲಿಲ್ಲ. ಸಂಬಳದಾಚೆಯ ತೃಪ್ತಿಯನ್ನು ಕುರಿತು ಮಾತನಾಡುವ ಅಧಿಕಾರ, ಸಂಬಳ ಸಾಕಾಗುವಷ್ಟಿರಬೇಕೆಂದು ಒಪ್ಪಿದವರಿಗೆ ಮಾತ್ರ ಇದೆ.

ಅದೇ ಕರಾವಳಿಯಲ್ಲಿ ಮುದ್ದಣನಿಗಿಂತ ನಾಲ್ಕು ವರ್ಷ ಕಿರಿಯರಾದ ಪಂಜೆ ಮಂಗೇಶರಾಯರ ಬದುಕು ಬೇರೊಂದು ಬಗೆಯಾಗಿ ಸಾಗಿತು. ಅಧ್ಯಾಪಕರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ದುಡಿದ ಪಂಜೆಯವರಿಗೆ ಇಲಾಖೆಯ ಕೆಲಸವೇ ಬರೆಯುವುದಕ್ಕೆ ಕಾರಣವಾಯಿತು. ಮಕ್ಕಳಿಗೆ ಹಾಡಲು ಕನ್ನಡದಲ್ಲಿ ಹಾಡಿಲ್ಲವೆಂದಾಗ ತಾವೇ ಬರೆದರು. 'ಕವಿಶಿಷ್ಯ' ಎಂಬುದು ಅವರು ಇಟ್ಟುಕೊಂಡ ಹೆಸರು. ಇನ್ಸ್‌ಪೆಕ್ಟರ್ ಎಂಬ ಅಧಿಕಾರಿ ಮಾಸ್ತರರ ಪಾಲಿಗೆ ಭಯದ ಮೂರ್ತಿಯಾಗಿದ್ದ ಕಾಲದಲ್ಲಿ, ಕೈಯಲ್ಲಿ ಪದ್ಯ ಹಿಡಿದು ಶಾಲೆಗೆ ಬರುವ ಇನ್ಸ್‌ಪೆಕ್ಟರನೂ ಇರಬಹುದೆಂದು ಅವರು ತೋರಿಸಿದರು. ಮೇಲಧಿಕಾರಿಯ ನಡತೆ ಶಿಕ್ಷಕನ ನೆಮ್ಮದಿಯನ್ನು ಹೇಗೆ ಕಟ್ಟಬಲ್ಲುದು, ಹೇಗೆ ಕೆಡಿಸಬಲ್ಲುದು ಎಂಬ ವಿಚಾರಕ್ಕೆ ಪಂಜೆಯವರು ಒಳ್ಳೆಯ ಉದಾಹರಣೆ.

ಗೋಖಲೆಯಿಂದ ಅಂಕೋಲೆಗೆ

ಅಂಕೋಲೆಯಿಂದ ಹುಬ್ಬಳ್ಳಿಯ ಕಡೆಗೆ ಘಟ್ಟ ಹತ್ತುವ ಹೆದ್ದಾರಿಯಲ್ಲಿ ಅಗಸೂರು ಎಂಬ ಹಳ್ಳಿ ಬರುತ್ತದೆ. ಒಂದೆಡೆ ಸಮುದ್ರದ ಬಯಲು, ಇನ್ನೊಂದೆಡೆ ಕಾಡು. ನಡುವೆ ಗದ್ದೆ, ತೋಟ, ಹಳ್ಳಗಳ ಈ ಸೀಮೆಯಲ್ಲಿ ಹಾಲಕ್ಕಿ ಒಕ್ಕಲಿಗರೇ ಮೊದಲಾದ ಗೇಣಿದಾರ ಸಮುದಾಯಗಳು ತಲೆಮಾರುಗಳಿಂದ ದುಡಿದಿವೆ. ಇಂಥ ಹಳ್ಳಿಗಳ ಮಕ್ಕಳು ಪ್ರಾಥಮಿಕ ಶಾಲೆ ಮುಗಿಸಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಸ್ವಾತಂತ್ರ್ಯ ಬಂದ ಹೊಸದರಲ್ಲಿಯೂ ಸಲೀಸಾದ ಉತ್ತರವಿರಲಿಲ್ಲ. ಆ ಉತ್ತರವನ್ನು ಕಟ್ಟಲು ಹೊರಟವರು ದಿನಕರ ದೇಸಾಯಿ.

1909ರಲ್ಲಿ ಅಂಕೋಲಾ ತಾಲೂಕಿನಲ್ಲಿ ಹುಟ್ಟಿದ ದೇಸಾಯಿಯವರ ತಂದೆ ಶಾಲಾ ಮಾಸ್ತರರು. ಮಗ ಮುಂಬಯಿಯಲ್ಲಿ ಉಚ್ಚ ಶಿಕ್ಷಣ ಪಡೆದು, ಕಲ್ಯಾಣ ಚಾಲುಕ್ಯರ ಮಹಾಮಂಡಲೇಶ್ವರರನ್ನು ಕುರಿತು ಸಂಶೋಧನೆ ಮಾಡಿದವರು. ಆ ವಿದ್ವತ್ತಿನ ದಾರಿಯಲ್ಲೇ ಮುಂದುವರಿಯಬಹುದಾಗಿದ್ದ ಅವರು ಭಾರತ ಸೇವಕ ಸಮಾಜವನ್ನು ಸೇರಿ, ಹಡಗು ಕಾರ್ಮಿಕರ ಸಂಘಟನೆಯಲ್ಲಿಯೂ ಉತ್ತರ ಕನ್ನಡದ ರೈತ ಚಳವಳಿಯಲ್ಲಿಯೂ ತೊಡಗಿದರು. ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. 1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಜಿಲ್ಲೆಯ ಹಲವೆಡೆ ಪ್ರೌಢಶಾಲೆಗಳನ್ನು ತೆರೆದರು. 1966ರಲ್ಲಿ ಅಂಕೋಲೆಯಲ್ಲಿ ಕಾಲೇಜು ಆರಂಭವಾದಾಗ ಅದಕ್ಕಿಟ್ಟ ಹೆಸರು ಗೋಖಲೆ ಶತಾಬ್ದಿ ಕಾಲೇಜು.

ಆ ಹೆಸರಿಗೆ ಈ ಚರ್ಚೆಯಲ್ಲಿ ವಿಶೇಷ ಅರ್ಥವಿದೆ. ಭಾರತ ಸೇವಕ ಸಮಾಜವನ್ನು 1905ರಲ್ಲಿ ಸ್ಥಾಪಿಸಿದ ಗೋಪಾಲಕೃಷ್ಣ ಗೋಖಲೆ ಮೂಲತಃ ಅಧ್ಯಾಪಕರು. ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯರು ಇಪ್ಪತ್ತು ವರ್ಷ, ತಿಂಗಳಿಗೆ 75 ರೂಪಾಯಿಯ ಸಂಬಳದಲ್ಲಿ ದುಡಿಯುವ ಪ್ರತಿಜ್ಞೆ ಮಾಡುತ್ತಿದ್ದರು. ಗೋಖಲೆಯವರೂ ಆ ಪ್ರತಿಜ್ಞೆಯಂತೆ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದರು. ಆದರೆ ಆ ಸದಸ್ಯರು ಬರಿಯ ನೌಕರರಾಗಿರಲಿಲ್ಲ. ಸಂಸ್ಥೆಯ ಆಡಳಿತ ಅವರದೇ ಕೈಯಲ್ಲಿತ್ತು. ಏನು ಕಲಿಸಬೇಕು, ಹೇಗೆ ನಡೆಸಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಿದ್ದರು. ತ್ಯಾಗಕ್ಕೆ ಒಡೆತನ ಜೊತೆಗೂಡಿತ್ತು. ಅನಂತರದ ಕಾಲದಲ್ಲಿ ಶಿಕ್ಷಕರಿಂದ ತ್ಯಾಗವನ್ನು ಬಯಸಿದವರು ಅನೇಕರು; ಒಡೆತನವನ್ನು ಕೊಟ್ಟವರು ವಿರಳ. 1911ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿ ಸೋತವರೂ ಇದೇ ಗೋಖಲೆ. ಅವರ ಸೋಲನ್ನು ಅಂಕೋಲೆಯಂಥ ಊರಿನಲ್ಲಿ ತುಸುವಾದರೂ ತುಂಬಿಕೊಡುವ ಸಂಕಲ್ಪ ಆ ಕಾಲೇಜಿನ ಹೆಸರಿನಲ್ಲಿತ್ತು.

ಅಂಕೋಲೆ 1930ರ ಉಪ್ಪಿನ ಸತ್ಯಾಗ್ರಹದ, ಅದರ ಬೆನ್ನಿಗೇ ಬಂದ ಕರನಿರಾಕರಣೆಯ ನೆಲ. 'ಕರ್ನಾಟಕದ ಬಾರ್ಡೋಲಿ' ಎಂದು ಹೆಸರು ಪಡೆದ ಊರು. ಅಂಥ ನೆಲದಲ್ಲಿ ಶಾಲೆ ಎಂಬುದು ಗೇಣಿದಾರನ ಮಗ ಮೊದಲ ಬಾರಿಗೆ ಅಕ್ಷರದ ಮೂಲಕ ತಲೆಯೆತ್ತುವ ಜಾಗ. ಮನೆತನದಲ್ಲಿ ಯಾರೂ ಓದಿರದ ಹುಡುಗ ಕಣ್ಣೆದುರಿಗೇ ಪತ್ರ ಬರೆಯಲು, ಗೇಣಿಚೀಟಿ ಓದಲು ಕಲಿಯುತ್ತಾನೆ. ಕಲಿಸುವ ಕೆಲಸದ ಫಲ ಇಷ್ಟು ಹತ್ತಿರದಲ್ಲಿ, ಇಷ್ಟು ನಿಚ್ಚಳವಾಗಿ ಕಾಣುವ ಸಂದರ್ಭ ಎಲ್ಲ ಕಾಲದಲ್ಲಿಯೂ ಎಲ್ಲ ಶಿಕ್ಷಕರಿಗೂ ಸಿಗುವುದಿಲ್ಲ.

ಬಂಕಿಕೊಡ್ಲ, ಗೋಕರ್ಣ

ಗಂಗಾವಳಿಯನ್ನು ದಾಟಿದರೆ ಕುಮಟಾ ತಾಲೂಕಿನ ಬಂಕಿಕೊಡ್ಲ. ರಾಣೆಬೆನ್ನೂರಿನಲ್ಲಿ 1923ರಲ್ಲಿ ಹುಟ್ಟಿ, ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಓದಿದ ಸು. ರಂ. ಎಕ್ಕುಂಡಿ ಇಲ್ಲಿನ ಪ್ರೌಢಶಾಲೆಗೆ ತರುಣ ಅಧ್ಯಾಪಕರಾಗಿ ಬಂದರು. ಬಯಲುಸೀಮೆಯ ತರುಣನಿಗೆ ಕಡಲು, ತೆಂಗು, ಮೀನುಗಾರರ ಈ ಲೋಕ ಹೊಸದು. ಬಂದವರು ಮೂರು ದಶಕಗಳಿಗೂ ಮಿಕ್ಕಿ ಇಲ್ಲಿಯೇ ನಿಂತರು, ಇಲ್ಲಿಯೇ ನಿವೃತ್ತರಾದರು. 'ಮತ್ಸ್ಯಗಂಧಿ', 'ಬೆಳ್ಳಕ್ಕಿಗಳು', 'ಹಾವಾಡಿಗರ ಹುಡುಗ' ಎಂಬ ಸಂಕಲನಗಳ ಹೆಸರುಗಳಲ್ಲಿಯೇ ಈ ಪರಿಸರ ಬೆರೆತಿದೆ. 'ಬಕುಲದ ಹೂವುಗಳು' ಸಂಕಲನಕ್ಕೆ 1992ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಅವರು ತರಗತಿಯನ್ನು ಬಿಟ್ಟು ವರ್ಷಗಳೇ ಆಗಿದ್ದವು.

ಎಕ್ಕುಂಡಿಯವರು ಕನ್ನಡದ ಹಿರಿಯ ಕಥನಕವಿ. ಕಥನಕವನಕ್ಕೂ ತರಗತಿಗೂ ಒಂದು ಒಳನಂಟಿದೆ. ಕತೆಯನ್ನು ಕೇಳುವವರ ಮುಖ ನೋಡುತ್ತ ಹೇಳುವುದು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಏರಿಸಬೇಕು ಎಂದು ಅರಿಯುವುದು, ಕಷ್ಟದ ಮಾತನ್ನು ಸರಳಗೊಳಿಸುವುದು, ಇವೆಲ್ಲ ದಿನವೂ ಮಕ್ಕಳೆದುರು ನಿಲ್ಲುವವನ ಸಾಧನೆ. ಅವರ ಕಾವ್ಯದ ತಿಳಿಯಾದ ನಡೆಯಲ್ಲಿ ಮೂವತ್ತು ವರ್ಷಗಳ ಮೇಷ್ಟ್ರಿಕೆಯ ಪಾಲಿದೆಯೆಂದರೆ ತಪ್ಪಾಗದು. ವೃತ್ತಿಯೂ ಕೃತಿಯೂ ಒಂದನ್ನೊಂದು ಕೊಲ್ಲದೆ ಒಂದನ್ನೊಂದು ಸಾಕಿದ ನಿದರ್ಶನವಿದು.

ಪಕ್ಕದ ಗೋಕರ್ಣದಲ್ಲಿ ಗೌರೀಶ ಕಾಯ್ಕಿಣಿ ಇದ್ದರು. 1912ರಲ್ಲಿ ಅಲ್ಲಿಯೇ ಹುಟ್ಟಿ, ಭದ್ರಕಾಳಿ ಹೈಸ್ಕೂಲಿನಲ್ಲಿ ದೀರ್ಘಕಾಲ ಅಧ್ಯಾಪಕರಾಗಿ, 2002ರಲ್ಲಿ ತೀರಿಕೊಂಡವರು. ಎಂ. ಎನ್. ರಾಯ್ ಅವರ ಮಾನವತಾವಾದವನ್ನು ಒಪ್ಪಿದ ಈ ವಿಚಾರವಾದಿ ಬದುಕಿದ್ದು ದೊಡ್ಡ ತೀರ್ಥಕ್ಷೇತ್ರವೊಂದರ ನಡುವೆ. ವಿಶ್ವವಿದ್ಯಾಲಯವಾಗಲಿ, ದೊಡ್ಡ ಗ್ರಂಥಾಲಯವಾಗಲಿ ಹತ್ತಿರದಲ್ಲಿಲ್ಲದ ಊರಿನಲ್ಲಿ ಕುಳಿತು ಅವರು ಜಗತ್ತಿನ ಸಾಹಿತ್ಯವನ್ನೂ ಚಿಂತನೆಯನ್ನೂ ಕನ್ನಡ ಪತ್ರಿಕೆಗಳ ಓದುಗರಿಗೆ ದಶಕಗಳ ಕಾಲ ಪರಿಚಯಿಸಿದರು. ನಾಗಾವಿಯ ಉಪಾಧ್ಯಾಯನಿಗೆ ದಾನಿ ಒದಗಿಸಿದ್ದ ಗ್ರಂಥಭಂಡಾರವನ್ನು ಗೋಕರ್ಣದ ಮಾಸ್ತರರು ತಮ್ಮ ಮನೆಯಲ್ಲಿ ತಾವೇ ಕಟ್ಟಿಕೊಳ್ಳಬೇಕಾಯಿತು. ಒಪ್ಪದ ಊರಿನಲ್ಲಿಯೂ ಅವರು ಗೌರವದಿಂದ ಇರಲು ಸಾಧ್ಯವಾದದ್ದಕ್ಕೆ ಒಂದು ಕಾರಣ ಅವರು ಆ ಊರಿನ ಮಕ್ಕಳಿಗೆಲ್ಲ ಮಾಸ್ತರರಾಗಿದ್ದುದು. ಆ ಪದವಿಗೆ ಊರು ಭಿನ್ನಮತದ ಸ್ವಾತಂತ್ರ್ಯವನ್ನು ಕೊಟ್ಟಿತ್ತು.

ಈ ಜಿಲ್ಲೆಯಲ್ಲಿ ಇಂಥವರ ಸಾಲು ದೊಡ್ಡದು. ಕುಮಟಾದ ಕಾಲೇಜಿನಲ್ಲಿ ಪಾಠ ಹೇಳುತ್ತ ಎಲ್. ಆರ್. ಹೆಗಡೆಯವರು ಜಿಲ್ಲೆಯ ಜನಪದ ಹಾಡು, ಕತೆಗಳನ್ನು ಹಳ್ಳಿ ಹಳ್ಳಿ ಸುತ್ತಿ ಸಂಗ್ರಹಿಸಿದರು. ಹೊನ್ನಾವರದಲ್ಲಿ ಅಧ್ಯಾಪಕರಾಗಿದ್ದ ಎನ್. ಆರ್. ನಾಯಕರೂ ಶಾಂತಿ ನಾಯಕರೂ ಅದೇ ಕೆಲಸವನ್ನು ಮುಂದುವರಿಸಿದರು. ಜಿಲ್ಲೆಯ ಹೊರಗೂ ಇದೇ ಕತೆ. ಹಲಸಂಗಿ ಗೆಳೆಯರಲ್ಲಿ ಒಬ್ಬರಾದ ಸಿಂಪಿ ಲಿಂಗಣ್ಣ ಪ್ರಾಥಮಿಕ ಶಾಲೆಯ ಶಿಕ್ಷಕರು; ಕಾಸರಗೋಡಿನ ಪೆರಡಾಲದ ನವಜೀವನ ಹೈಸ್ಕೂಲಿನ ಕಯ್ಯಾರ ಕಿಞ್ಞಣ್ಣ ರೈ ತರಗತಿಯನ್ನೂ ಗಡಿನಾಡ ಕನ್ನಡದ ಹೋರಾಟವನ್ನೂ ಜೊತೆಯಾಗಿ ನಡೆಸಿದವರು. ಹಾಡು ಹೇಳುವ ಅಜ್ಜಿಯ ಮನೆಯ ಬಾಗಿಲು ಅಪರಿಚಿತ ಸಂಶೋಧಕನಿಗೆ ತೆರೆಯುವುದಿಲ್ಲ. ಮೊಮ್ಮಗನ ಮಾಸ್ತರರಿಗೆ ತೆರೆಯುತ್ತದೆ. ಕನ್ನಡ ಜಾನಪದ ಸಂಶೋಧನೆಯ ಬಹುಪಾಲು ಈ ವಿಶ್ವಾಸದ ಮೇಲೆ ನಿಂತಿದೆ. ಸಾಲೋಟಗಿಯ ಮದುವೆಯ ನಾಣ್ಯ ಇಲ್ಲಿ ಹಾಡಿನ ರೂಪದಲ್ಲಿ ಮಾಸ್ತರರ ಕೈ ಸೇರಿತು.

ಹೊರಗಿನ ಅಧ್ಯಯನಗಳು

ಇಪ್ಪತ್ತನೆಯ ಶತಮಾನದ ನಡುವೆ ಪಶ್ಚಿಮದಲ್ಲಿ ಈ ವಿಷಯವನ್ನು ಶಾಸ್ತ್ರೀಯವಾಗಿ ಪರಿಶೀಲಿಸಲಾಯಿತು. 1959ರಲ್ಲಿ ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು 203 ಮಂದಿ ಎಂಜಿನಿಯರರನ್ನೂ ಲೆಕ್ಕಿಗರನ್ನೂ ಮಾತನಾಡಿಸಿ ಒಂದು ತೀರ್ಮಾನಕ್ಕೆ ಬಂದರು. ಸಂಬಳ, ಮೇಲ್ವಿಚಾರಣೆ, ಕೆಲಸದ ಸೌಕರ್ಯಗಳು ಕೊರತೆಯಾದರೆ ಅತೃಪ್ತಿ ಹುಟ್ಟುತ್ತದೆ. ಆದರೆ ಅವು ತುಂಬಿದ್ದರೆ ತೃಪ್ತಿ ತಾನಾಗಿ ಬರುವುದಿಲ್ಲ. ತೃಪ್ತಿ ಬರುವುದು ಸಾಧನೆ, ಮನ್ನಣೆ, ಜವಾಬ್ದಾರಿ, ಕೆಲಸದ ಸ್ವರೂಪ ಇವುಗಳಿಂದ. ಥಾಮಸ್ ಸರ್ಜಿಯೋವಾನಿ 1967ರಲ್ಲಿ ಇದನ್ನು ಶಿಕ್ಷಕರಿಗೆ ಅನ್ವಯಿಸಿ ನೋಡಿದಾಗ ಫಲಿತಾಂಶ ಬಹುಮಟ್ಟಿಗೆ ಹೊಂದಿತು. ಒಂದು ವ್ಯತ್ಯಾಸ ಮಾತ್ರ ಎದ್ದು ಕಂಡಿತು: ಬಡ್ತಿಯ ಮಾತನ್ನು ಶಿಕ್ಷಕರು ಎತ್ತಲೇ ಇಲ್ಲ. ಬೋಧಕನಾಗಿಯೇ ಉಳಿಯುವವನಿಗೆ ಏರುವ ಮೆಟ್ಟಿಲುಗಳಿಲ್ಲ. 1975ರಲ್ಲಿ ಡಾನ್ ಲಾರ್ಟಿ ಶಾಲಾಶಿಕ್ಷಕರ ಸಮಾಜಶಾಸ್ತ್ರವನ್ನು ಬರೆದಾಗ, ವಿದ್ಯಾರ್ಥಿಯ ಮನಸ್ಸನ್ನು ತಲುಪಿದೆನೆಂಬ ಅರಿವೇ ಈ ವೃತ್ತಿಯ ಮುಖ್ಯ ಪ್ರತಿಫಲವೆಂದು ಗುರುತಿಸಿದರು. ಅದರೊಡನೆಯೇ, ನಿಜವಾಗಿ ತಲುಪಿದೆನೋ ಇಲ್ಲವೋ ಎಂಬ ಅನುಮಾನ ಶಿಕ್ಷಕನನ್ನು ಎಂದಿಗೂ ಬಿಡದೆಂದೂ ಹೇಳಿದರು.

ಶಾಸನಗಳ, ಕರಾವಳಿಯ ಮಾಸ್ತರರ ಸಾಕ್ಷ್ಯ ಈ ಅಧ್ಯಯನಗಳಿಗೆ ಎರಡು ತಿದ್ದುಪಡಿಗಳನ್ನು ಸೂಚಿಸುತ್ತದೆ. ಮೊದಲನೆಯದು, ಹರ್ಜ್‌ಬರ್ಗ್ ಎಣಿಸಿದ ಮನ್ನಣೆ ಸಂಸ್ಥೆಯ ಒಳಗಿನದು, ಮೇಲಧಿಕಾರಿ ಕೊಡುವಂಥದು. ಇಲ್ಲಿನ ಮಾಸ್ತರನಿಗೆ ಮನ್ನಣೆ ಬಂದದ್ದು ಊರಿನಿಂದ, ಹಳೆಯ ಶಿಷ್ಯರಿಂದ, ಓದುಗರಿಂದ. ಎರಡನೆಯದು, ಲಾರ್ಟಿ ಹೇಳಿದ ಅನುಮಾನಕ್ಕೆ ಈ ಪರಂಪರೆಯಲ್ಲಿ ಒಂದು ಮದ್ದಿತ್ತು; ಅದು ಕಾಲ. ಒಂದೇ ಊರಿನಲ್ಲಿ ಮೂವತ್ತು ವರ್ಷ ನಿಂತ ಮಾಸ್ತರ ತನ್ನ ಶಿಷ್ಯನ ಮಗನಿಗೂ ಪಾಠ ಹೇಳುತ್ತಾನೆ. ತಲುಪಿದೆನೇ ಎಂಬ ಪ್ರಶ್ನೆಗೆ ಉತ್ತರ ಎದುರಿಗೇ ಬೆಂಚಿನ ಮೇಲೆ ಕುಳಿತಿರುತ್ತದೆ.

ಇಂದಿನ ತರಗತಿ

ಸಂಬಳದ ಪ್ರಶ್ನೆಯಲ್ಲಿ ಸರ್ಕಾರಿ ಶಾಲೆಯ ಕಾಯಂ ಶಿಕ್ಷಕರ ಸ್ಥಿತಿ ಕೊಠಾರಿ ಆಯೋಗದ (1964–66) ನಂತರದ ದಶಕಗಳಲ್ಲಿ ಬಹಳ ಸುಧಾರಿಸಿದೆ. ಮುದ್ದಣನ ದುಃಸ್ಥಿತಿ ಅವರಿಗಿಲ್ಲ. ಆದರೆ ಸಂಬಳದಾಚೆಯ ಸಂಪತ್ತು ಅದೇ ಪ್ರಮಾಣದಲ್ಲಿ ಬೆಳೆದಿಲ್ಲ, ಕೆಲವೆಡೆ ಕರಗಿದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ 'ನಲಿ-ಕಲಿ' ಇದಕ್ಕೆ ಕನ್ನಡಿ. ಋಷಿವ್ಯಾಲಿಯ ಪ್ರಯೋಗವನ್ನು ನೋಡಿ ಬಂದ ಸರ್ಕಾರಿ ಶಾಲೆಯ ಶಿಕ್ಷಕರೇ ಕೂಡಿ ಕುಳಿತು ಕಾರ್ಡುಗಳನ್ನು ಬರೆದರು, ಹಾಡು ಕಟ್ಟಿದರು, ತರಗತಿಯಲ್ಲಿ ಪರೀಕ್ಷಿಸಿ ತಿದ್ದಿದರು. ಅದು ಅವರ ಕೃತಿಯಾಗಿತ್ತು. 2009ರ ಹೊತ್ತಿಗೆ ಅದು ರಾಜ್ಯವ್ಯಾಪಿಯಾದಾಗ ಉಳಿದ ಸಾವಿರಾರು ಶಿಕ್ಷಕರಿಗೆ ಸಿಕ್ಕಿದ್ದು ಅಚ್ಚಾದ ಕಾರ್ಡುಗಳ ಪೆಟ್ಟಿಗೆ. ಪದ್ಧತಿ ಅದೇ, ಮಕ್ಕಳೂ ಅಂಥವರೇ. ಆದರೆ ರಚಿಸಿದವನ ಉತ್ಸಾಹವನ್ನು ಪೆಟ್ಟಿಗೆಯಲ್ಲಿ ತುಂಬಿ ಕಳಿಸಲಾಗದು.

ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳನ್ನು ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆನ್ನುತ್ತದೆ. ಆದರೂ ಬಿಸಿಯೂಟದ ಲೆಕ್ಕ, ಮಾಹಿತಿಯ ನಮೂನೆಗಳು, ಆನ್‌ಲೈನ್ ದಾಖಲಾತಿಗಳು ಶಿಕ್ಷಕರ ದಿನವನ್ನು ಕತ್ತರಿಸುತ್ತವೆ. ಬಿಸಿಯೂಟ ಅಗತ್ಯ, ದಾಖಲೆಯೂ ಅಗತ್ಯ. ಆದರೆ ಅವು ಪಾಠದ ವೇಳೆಯನ್ನು ತಿಂದಾಗ ಕಳೆಯುವುದು ಶಿಕ್ಷಕನಿಗೆ ಮನ್ನಣೆ ತರುವ ಏಕೈಕ ಕೆಲಸ. ಇನ್ನು ವರ್ಷದಿಂದ ವರ್ಷಕ್ಕೆ ನೇಮಕವಾಗುವ ಅತಿಥಿ ಶಿಕ್ಷಕರ ಸ್ಥಿತಿ ಎರಡೂ ಕಡೆಯಿಂದ ಕಷ್ಟದ್ದು. ಸಾಕಾಗುವ ಸಂಬಳವೂ ಇಲ್ಲ, ಮುಂದಿನ ಜೂನಿನಲ್ಲಿ ಇದೇ ಶಾಲೆಯಲ್ಲಿರುತ್ತೇನೆಂಬ ಭರವಸೆಯೂ ಇಲ್ಲ. ಎಕ್ಕುಂಡಿಯವರಿಗೆ ಬಂಕಿಕೊಡ್ಲ ಕೊಟ್ಟ ಕಾಲವನ್ನು ಅವರಿಗೆ ಯಾವ ಊರೂ ಕೊಡಲಾರದು.

ಸಾಲೋಟಗಿಯ ಶಾಸನವನ್ನು ಬರೆಸಿದವರಿಗೆ ಒಂದು ತಿಳಿವಳಿಕೆಯಿತ್ತು. ಐವತ್ತು ನಿವರ್ತನ ಭೂಮಿಯನ್ನು ಕೊಟ್ಟ ಮೇಲೂ ಅವರು ಅಲ್ಲಿಗೆ ನಿಲ್ಲಲಿಲ್ಲ. ದೀಪಕ್ಕೆ ಬೇರೆ ಭೂಮಿ ಬಿಟ್ಟರು, ಊರಿನ ಮದುವೆಯಲ್ಲಿ ಶಾಲೆಗೆ ಪಾಲಿಟ್ಟರು. ಅಗಸೂರಿನಂಥ ಹಳ್ಳಿಗಳಲ್ಲಿ ಇಂದಿಗೂ ಹೆಣ್ಣುಮಗಳು ಕಲಿಸಲು ಬಂದರೆ ಅವರು 'ಅಕ್ಕೋರು', ಗಂಡಸಾದರೆ 'ಮಾಸ್ತರು'. ಇಲಾಖೆಯ ಹುದ್ದೆಯ ಹೆಸರುಗಳು ಎಷ್ಟೋ ಸಲ ಬದಲಾದರೂ ಊರಿನ ಈ ಕರೆ ಬದಲಾಗಿಲ್ಲ. ಹಳೆಯ ನಾಣ್ಯಗಳಲ್ಲಿ ಚಲಾವಣೆಯಲ್ಲಿ ಉಳಿದಿರುವುದು ಬಹುಶಃ ಇದೊಂದೇ. ಅದಕ್ಕೆ ಬೆಲೆ ಇರಬೇಕಾದರೆ ಕರೆಸಿಕೊಂಡವರು ಆ ಊರಿನಲ್ಲಿ ನಿಲ್ಲುವಂತಿರಬೇಕು, ಅವರ ಕೈಯಲ್ಲಿ ಪಾಠಕ್ಕೆ ವೇಳೆ ಇರಬೇಕು, ಏನು ಕಲಿಸಬೇಕೆಂಬುದರಲ್ಲಿ ಅವರ ಮಾತು ನಡೆಯಬೇಕು.